ಸ್ಟೇರಿಂಗೇ ಇಲ್ವಲ್ಲ, ತಿರುಗೋದ್ ಹೆಂಗೆ?

ನಮ್ಮ ತೋಟಕ್ಕೆ ಯಾರೇ ಬರ್ಲಿ, ಕಾಫಿ ಲೋಡಿಗೆ ಬರೋ ಡ್ರೈವರಿಂದ ಹಿಡಿದು ಮದುವೆ ಕಾಗದ ಕೊಡೋಕೆ ಬಂದ ನೆಂಟರ ತನಕ, ಶೆಡ್ಡಲ್ಲಿರೋ ಟ್ರ್ಯಾಕ್ ಗಾಡಿ (ಬುಲ್ಡೋಜರ್ ತರ, ಟೈರಿನ ಬದಲು ಎರಡೂ ಕಡೆ ಸುತ್ತೋ ಪಟ್ಟಿ ಇರೋದು) ನೋಡಿ ಕೇಳೋದು ಇದೊಂದೇ, ಸ್ಟೇರಿಂಗೇ ಇಲ್ವಲ್ಲ ಮಾರಾಯ, ತಿರುಗೋದ್ ಹೆಂಗೆ? ಹೇಳಿ ಹೇಳಿ ಸಾಕಾಗಿದೆ, ಒಂದ್ಸಲ ಬರೆದೇ ಬಿಡ್ತೀನಿ.

ಮೂಡಿಗೆರೆ ಕಡೆ ನಮ್ ತೋಟ, ಕೆಳಗೆ ಗದ್ದೆ, ಹಳ್ಳ, ಅದ್ರಾಚೆ ಮತ್ತೆರಡು ಎಕರೆ ರೋಬಸ್ಟಾ ಕಾಫಿ. ಮಳೆ ಹಿಡೀತು ಅಂದ್ರೆ ಅಲ್ಲಿಗೆ ಜೀಪು ಹೋಗಲ್ಲ, ಹೋದ್ರೆ ವಾಪಸ್ ಬರಲ್ಲ. ಅದಕ್ಕೇ ಅಪ್ಪ 2007ರಲ್ಲಿ ಗುಜರಿ ಸಾಮಾನಲ್ಲಿ ಇದನ್ನ ಕಟ್ಟಿದ್ದು. ಪಂಪ್‌ಸೆಟ್ಟಿನ ಸಿಂಗಲ್ ಸಿಲಿಂಡರ್ ಡೀಸೆಲ್ ಇಂಜಿನ್, ಅಂಬಾಸಿಡರ್ ಗೇರ್‌ಬಾಕ್ಸು, ಹಳೇ ಜೀಪಿನ ಹಿಂದಿನ ಆಕ್ಸಲ್, ಅದರ ಒಂದೊಂದು ತುದಿ ಒಂದೊಂದು ಟ್ರ್ಯಾಕನ್ನ ಓಡಿಸುತ್ತೆ. ಟ್ರ್ಯಾಕಿಗೆ ಕನ್ವೇಯರ್ ಬೆಲ್ಟು, ಅದರ ಮೇಲೆ ಆಂಗಲ್ ತುಂಡು ಬೋಲ್ಟ್ ಮಾಡಿದ್ದು. ಕುದುರೆಮುಖ ಗಣಿ 2005ರ ಕೊನೇಗೆ ನಿಂತ್ಮೇಲೆ ಗುಜರಿಗೆ ಬಂದ ಬೆಲ್ಟು ಅಂತ ಅಪ್ಪ ಹೇಳೋರು, ಇರ್ಬೋದು. ಗಾಡಿ ತೂಕ ಸುಮಾರು 900 ಕೆಜಿ, ಆದ್ರೆ ಒಂದೊಂದು ಟ್ರ್ಯಾಕು ಐದಡಿ ಉದ್ದ ಹತ್ತಿಂಚು ಅಗಲ ನೆಲಕ್ಕೆ ಕೂತಿರುತ್ತೆ, ಲೆಕ್ಕ ಹಾಕಿದ್ರೆ ಚದರ ಸೆಂಟಿಮೀಟರಿಗೆ 120 ಗ್ರಾಂ ಹತ್ರ. ಗದ್ದೇಲಿ ನನ್ ಕಾಲು ಹೂತ್ಕೊಳ್ಳೋ ಜಾಗದಲ್ಲಿ ಇದು ಆರಾಮಾಗಿ ಹೋಗುತ್ತೆ.

ಈಗ ತಿರುಗೋ ವಿಷಯ. ಜೀಪು ಕೆಸರಲ್ಲಿ ಸಿಕ್ಕಾಗ ಏನಾಗುತ್ತೆ ನೋಡಿದೀರಲ್ಲ, ಹಿಂದಿನ ಒಂದು ಚಕ್ರ ಬರ್ರ್ ಅಂತ ಸುತ್ತುತ್ತೆ, ಇನ್ನೊಂದು ಸುಮ್ನೆ ನಿಂತಿರುತ್ತೆ. ಆಕ್ಸಲ್ ನಡುವೆ ಇಂಜಿನ್ ಶಕ್ತಿನ ಎರಡೂ ಕಡೆಗೆ ಹಂಚೋ ಗೇರಿದೆಯಲ್ಲ, ಡಿಫ್ರೆನ್ಷಿಯಲ್, ಅದರ ಬುದ್ಧಿನೇ ಅದು, ಯಾವ ಕಡೆ ಸಲೀಸೋ ಆ ಕಡೆ ಸುತ್ತಿಸೋದು. ಅಪ್ಪ ಆ ಕೆಟ್ಟ ಬುದ್ಧಿನೇ ಕೆಲಸಕ್ಕೆ ಹಚ್ಚಿದ್ರು. ಎರಡು ಕಡೆ ಬ್ರೇಕಿಗೂ ಬೇರೆ ಬೇರೆ ಮಾಸ್ಟರ್ ಸಿಲಿಂಡರು (ಬ್ರೇಕ್ ಆಯಿಲನ್ನ ಒತ್ತೋ ಪಂಪು), ಬೇರೆ ಬೇರೆ ಲಿವರು. ಎಡಗಡೆ ಲಿವರ್ ಎಳೆದ್ರೆ ಎಡಗಡೆ ಟ್ರ್ಯಾಕ್ ನಿಲ್ಲುತ್ತೆ, ಬಲಗಡೇದು ಡಬಲ್ ಸ್ಪೀಡಲ್ಲಿ ಓಡುತ್ತೆ, ಗಾಡಿ ನಿಂತಲ್ಲೇ ಎಡಕ್ಕೆ ತಿರುಗುತ್ತೆ. ಅಷ್ಟೇ.

ಅಷ್ಟೇ ಅಂದೆ, ಆದ್ರೆ ಇದನ್ನ ನಾನು ಕಲಿತಿದ್ದು ಎರಡು ತಿಂಗಳು ಬೈಸ್ಕೊಂಡು. ಆರು ವರ್ಷ ಶೆಡ್ಡಲ್ಲಿ ಕೊಳೆದಿದ್ದನ್ನ ಹೊರಗೆ ತಂದು ಆಯಿಲ್ ಸೀಲು, ಬ್ರೇಕ್ ಲೈನಿಂಗು, ಸಿಲಿಂಡರ್ ಕಿಟ್ಟು ಎಲ್ಲ ಹೊಸದು ಹಾಕ್ಸಿ ಸ್ಟಾರ್ಟ್ ಮಾಡಿದ್ರೆ, ಲಿವರ್ ಮುಟ್ಟದೇ ಇದ್ರೂ ಗಾಡಿ ಎಡಕ್ಕೇ ಎಳೀತಿತ್ತು, ಒಂದಿನ ಮೆಣಸಿನ ಬಳ್ಳಿ ಸಮೇತ ಮರಕ್ಕೇ ಹೋಗಿ ಗುದ್ದಿದೆ. ಎಡಗಡೆ ಬ್ರೇಕ್ ಹಿಡ್ಕೊಂಡಿದೆ ಅಂತ ಡ್ರಮ್ ಮೂರು ಸಲ ಬಿಚ್ಚಿದೆ, ಏನೂ ಇಲ್ಲ. ಕೊನೆಗೆ ಜಾಕ್ ಕೊಟ್ಟು ಎತ್ತಿ ಟ್ರ್ಯಾಕ್ ಕಳಚಿ ಕೆಳಗಿನ ಗಾಲಿಗಳನ್ನ ಒಂದೊಂದೇ ಕೈಯಲ್ಲಿ ತಿರುಗಿಸಿದ್ರೆ ಎಡಗಡೆ ಮೂರನೇದು ಅಲ್ಲಾಡ್ಲಿಲ್ಲ, ಬೇರಿಂಗ್ ತುಕ್ಕು ಹಿಡಿದು ಕಲ್ಲಾಗಿತ್ತು. ಡಿಫ್ರೆನ್ಷಿಯಲ್ಲಿಗೆ ಅದು ಬ್ರೇಕೋ ಬೇರಿಂಗೋ ಏನ್ ಗೊತ್ತು, ಎಡಗಡೆ ಭಾರ ಅನ್ನಿಸ್ತು, ಬಲಗಡೆ ಸುತ್ತಿಸ್ತು.

ಇನ್ನೊಂದು, ಸೀಟ್ಯಾಕೆ ಉಲ್ಟಾ ಇದೆ ಅಂತ ಕೇಳೋರೂ ಇದಾರೆ. ಕಟ್ಟಿದ ಮೊದಲ ದಿನ ಗೇರ್ ಹಾಕಿದ್ರೆ ಗಾಡಿ ಹಿಂದಕ್ಕೆ ಹೋಯ್ತಂತೆ, ಇಂಜಿನ್ ಕೂರ್ಸಿದ ರೀತಿಗೆ ಸುತ್ತು ಉಲ್ಟಾ ಆಗಿ ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ಒಂದು. ಆಕ್ಸಲ್ ಬಿಚ್ಚಿ ತಲೆಕೆಳಗು ಮಾಡ್ಬೋದಿತ್ತು, ಅಪ್ಪ ಸೀಟನ್ನೇ ತಿರುಗಿಸಿ ವೆಲ್ಡ್ ಹೊಡೆದ್ರು. ನಾನೂ ಹಾಗೇ ಬಿಟ್ಟಿದೀನಿ.

ಹಳ್ಳ ದಾಟಿದ್ರೆ ಮಾತ್ರ ಡ್ರಮ್ಮೊಳಗೆ ನೀರು ಹೋಗಿ ಎರಡೂ ಲಿವರು ಸುಳ್ಳು, ಗಾಡಿ ನೆಟ್ಟಗೆ ಹೋಗ್ತಾನೇ ಇರುತ್ತೆ. ಅದಕ್ಕೆ ದಡ ಹತ್ತಿದ ಕೂಡ್ಲೆ ಎರಡನ್ನೂ ಸ್ವಲ್ಪ ಎಳ್ಕೊಂಡೇ ಒಂದಿಪ್ಪತ್ತಡಿ ಹೋಗ್ತೀನಿ, ಡ್ರಮ್ಮಿಂದ ಹಬೆ ಏಳೋಕೆ ಶುರು ಆಯ್ತಾ, ಆಮೇಲೇ ತೋಟದ ತಿರುವು.