ಎರಡೂ ಟ್ಯಾಬ್ ಹಸಿರಾಗಿದ್ದವು

ಆರ್‌ಐಎಫ್ (ರಿಡಕ್ಷನ್ ಇನ್ ಫೋರ್ಸ್) ಪಟ್ಟಿ, ಅಂದರೆ ಕೆಲಸದಿಂದ ತೆಗೆಯುವವರ ಪಟ್ಟಿ ಮಾಡುವುದು ಯಾರಿಗೂ ಇಷ್ಟದ ಕೆಲಸ ಅಲ್ಲ. ಅದನ್ನು ಚೆಕ್ ಮಾಡುವುದಂತೂ ಇನ್ನೂ ಬೇಜಾರು. ಡೆಟ್ರಾಯಿಟ್ ಹತ್ತಿರದ ಒಂದು ಆಟೋ ಪಾರ್ಟ್ಸ್ ಕಂಪನಿಯಲ್ಲಿ ನಾನು ಎಚ್‌ಆರ್ ಅನಾಲಿಟಿಕ್ಸ್, ಅಂದರೆ ಸಿಬ್ಬಂದಿಯ ಅಂಕಿಅಂಶ ನೋಡಿಕೊಳ್ಳುತ್ತೇನೆ. ಯಾರನ್ನು ತೆಗೆಯಬೇಕು ಅಂತ ಮೇಲಿನವರು ಹೇಳುತ್ತಾರೆ. ಯಾವ ಗುಂಪಿಗೂ ಜಾಸ್ತಿ ಪೆಟ್ಟು ಬಿದ್ದಿಲ್ಲ ಅಂತ ನಾನು ಲೆಕ್ಕ ತೋರಿಸಬೇಕು. ಆಮೇಲೆ ಲೀಗಲ್‌ನವರು ಪ್ರಿವಿಲೆಜ್ಡ್, ಅಂದರೆ ವಕೀಲರೊಂದಿಗಿನ ಗುಟ್ಟಿನ ಕಾಗದ ಅಂತ ಬರೆದು ಒಳಗಿಡುತ್ತಾರೆ.

ನಮ್ಮ ಟೂಲ್‌ನಲ್ಲಿ ಜೆಂಡರ್‌ಗೆ ಒಂದು ಟ್ಯಾಬ್, ರೇಸ್‌ಗೆ ಒಂದು, ಏಜ್‌ಗೆ ಒಂದು. ಒಂದು ಗುಂಪಿನಲ್ಲಿ ಕೆಲಸ ಉಳಿಯುವವರ ಪ್ರಮಾಣ, ಅತಿ ಹೆಚ್ಚು ಉಳಿಯುವ ಗುಂಪಿನ ಪ್ರಮಾಣದ ಐದರಲ್ಲಿ ನಾಲ್ಕು ಭಾಗವಾದರೂ ಇರಬೇಕು ಅನ್ನುವುದು ಫೋರ್-ಫಿಫ್ತ್ಸ್ ಅಳತೆ. ಅದನ್ನು ದಾಟಿದರೆ ಹಸಿರು, ಇಲ್ಲಾಂದ್ರೆ ಕೆಂಪು. ಈ ಟೂಲ್‌ಗೆ ನಾವು ಕೊಡುವ ದುಡ್ಡು ನೆನೆಸಿಕೊಂಡರೆ ಸಿಟ್ಟು ಬರುತ್ತದೆ, ಆ ಮಾತು ಬಿಡಿ.

ಆ ಸಲ ಸ್ಕೋಪ್‌ನಲ್ಲಿ 200 ಜನ. ತೆಗೆಯಬೇಕಾದವರು 30. ಹೆಂಗಸರಲ್ಲಿ 60ಕ್ಕೆ 10, ಗಂಡಸರಲ್ಲಿ 140ಕ್ಕೆ 20. ಕಪ್ಪು ಜನರಲ್ಲಿ 40ಕ್ಕೆ 7, ಉಳಿದವರಲ್ಲಿ 160ಕ್ಕೆ 23. ಎಲ್ಲ ಕಡೆಯೂ ನೂರಕ್ಕೆ ಎಂಬತ್ತರ ಮೇಲೆ ಉಳಿಯುತ್ತಿದ್ದರು. ಎರಡೂ ಟ್ಯಾಬ್ ಹಸಿರು. ಏಜ್ ಕೂಡ ಹಸಿರು. ನಾನು ಡೆಕ್ (ಸ್ಲೈಡ್‌ಗಳ ವರದಿ) ಕಳಿಸಿ ನೆಮ್ಮದಿಯಾಗಿ ಊಟಕ್ಕೆ ಹೋದೆ.

ರಿವ್ಯೂ ಕಾಲ್‌ನಲ್ಲಿ ಲೀಗಲ್, ನನ್ನ ಮ್ಯಾನೇಜರ್, ಮೂವರು ಬಿಪಿಗಳು (ವಿಭಾಗಗಳ ಜೊತೆ ಕೆಲಸ ಮಾಡುವ ಎಚ್‌ಆರ್ ಬಿಸಿನೆಸ್ ಪಾರ್ಟ್‌ನರ್‌ಗಳು) ಇದ್ದರು. ಬಿಪಿಗಳಲ್ಲಿ ಒಬ್ಬರು ಕಪ್ಪು ಮಹಿಳೆ. ನನಗಿಂತ ಹದಿನೈದು ವರ್ಷ ದೊಡ್ಡವರು, ಕಾಲ್‌ಗಳಲ್ಲಿ ಮಾತು ಕಡಿಮೆ. ಹತ್ತು ನಿಮಿಷಕ್ಕೆ ಮುಗಿಯುವ ಸೂಚನೆ ಇತ್ತು. ಅಷ್ಟರಲ್ಲಿ ಅವರು ಮ್ಯೂಟ್ ತೆಗೆದು, "ಎರಡೂ ಟ್ಯಾಬ್ ಸೇರಿಸಿ ತೋರಿಸ್ತೀರಾ?" ಎಂದರು.

ಟೂಲ್‌ನಲ್ಲಿ ಆಗುವುದಿಲ್ಲ ಎಂದೆ. ಎಕ್ಸೆಲ್‌ನಲ್ಲಿ ಆಗುತ್ತಲ್ಲ ಎಂದರು. ಸ್ಕ್ರೀನ್ ಶೇರ್ ಆಗಿದ್ದ ಹಾಗೇ ಜೆಂಡರ್, ರೇಸ್ ಎರಡನ್ನೂ ಸೇರಿಸಿ ಎಣಿಸುವ ಪಿವಟ್ ಕೋಷ್ಟಕ ಹಾಕಿದೆ. ಒಂದು ಖಾನೆಯಲ್ಲಿ 10, ಅದರ ಪಕ್ಕ 5. ಕಪ್ಪು ಮಹಿಳೆಯರು ಇದ್ದದ್ದೇ ಹತ್ತು ಜನ, ಅದರಲ್ಲಿ ಐದು ಹೆಸರು ಪಟ್ಟಿಯಲ್ಲಿದ್ದವು. ಕಪ್ಪು ಗಂಡಸರು 30ಕ್ಕೆ ಇಬ್ಬರು. ಉಳಿದ ಹೆಂಗಸರು 50ಕ್ಕೆ ಐವರು. ರೇಸ್ ಟ್ಯಾಬ್‌ನಲ್ಲಿ ಕಪ್ಪು ಗಂಡಸರು, ಜೆಂಡರ್ ಟ್ಯಾಬ್‌ನಲ್ಲಿ ಉಳಿದ ಹೆಂಗಸರು ಸರಾಸರಿಯನ್ನು ಮೇಲೆತ್ತಿ ಹಿಡಿದಿದ್ದರು. ಕಪ್ಪು ಮಹಿಳೆಯರು ಎರಡರ ಅಡಿಯಲ್ಲೂ ಸಿಕ್ಕಿಬಿದ್ದಿದ್ದರು.

ಯಾರೂ ಮಾತಾಡಲಿಲ್ಲ. ಸುಮ್ಮನಿದ್ದರೆ ಆಗುತ್ತಿತ್ತು. ನಾನೇ ಬಾಯಿ ಹಾಕಿದೆ. "ಇಲ್ಲಿ ಎನ್, ಅಂದರೆ ಜನರ ಸಂಖ್ಯೆ, ತುಂಬಾ ಚಿಕ್ಕದು. ಒಬ್ಬರು ಇಬ್ಬರು ಆಚೀಚೆ ಆದರೂ ಪರ್ಸೆಂಟ್ ಕುಣಿಯುತ್ತೆ. ಬರೀ ನಾಯ್ಸ್, ಆಕಸ್ಮಿಕ ಏರಿಳಿತ ಇರಬಹುದು." ಹೇಳುವಾಗ ನನ್ನ ದನಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರ ಗತ್ತು ಬೇರೆ. ಮ್ಯಾನೇಜರ್ ತಲೆ ಆಡಿಸಿದರು.

ಆ ಬಿಪಿ ದನಿ ಏರಿಸಲಿಲ್ಲ. "ಚಿಕ್ಕದು ಯಾಕೆ?" ಎಂದು ಮಾತ್ರ ಕೇಳಿದರು.

ಇದಕ್ಕೆ ಯಾವ ಫಾರ್ಮುಲಾ ಇದೆ ಹೇಳಿ. 200 ಜನರಲ್ಲಿ ಹತ್ತೇ ಜನ ಇರುವುದು ನಾವು ಕೆಲಸಕ್ಕೆ ತೆಗೆದುಕೊಂಡ ರೀತಿಯಿಂದ. ಆ ಹತ್ತರಲ್ಲಿ ಹೆಚ್ಚಿನವರು ಬಂದದ್ದು 2020ರ ನಂತರ. ಆ ವರ್ಷ ಪೊಲೀಸರ ಕೈಯಲ್ಲಿ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಕೊಲೆಯಾದ ಮೇಲೆ ಇಲ್ಲಿನ ಕಂಪನಿಗಳೆಲ್ಲ ಸಾಲಾಗಿ ಸಮಾನತೆಯ ಹೇಳಿಕೆ ಕೊಟ್ಟವು, ನಮ್ಮದೂ ಕೊಟ್ಟಿತ್ತು. ನಮ್ಮ ಕ್ರೈಟೀರಿಯಾದಲ್ಲಿ ಜಾಸ್ತಿ ವೇಟ್ ಇದ್ದದ್ದು ಆ ರೋಲ್‌ನಲ್ಲಿ ಎಷ್ಟು ವರ್ಷ ಎನ್ನುವುದಕ್ಕೆ. ಮೊದಲು ಒಳಗೆ ಬಿಡಲಿಲ್ಲ, ಈಗ ತಡವಾಗಿ ಬಂದಿರಿ ಅಂತ ಹೊರಗೆ.

ಆಮೇಲೆ ಅವರು ಲಾಯರ್ ಕಡೆ ತಿರುಗಿ, "ಸೇಂಟ್ ಲೂಯಿಸ್ ಕೇಸ್ ನಿಮಗೆ ಗೊತ್ತಿರುತ್ತೆ" ಎಂದರು. ಲಾಯರ್ ಮುಖ ನೋಡಿದರೇ ತಿಳಿಯುತ್ತಿತ್ತು, ಗೊತ್ತು ಅಂತ. ನನಗೆ ಗೊತ್ತಿರಲಿಲ್ಲ. ರಾತ್ರಿ ಕೂತು ಓದಿದೆ.

ಎಮ್ಮಾ ಡಿಗ್ರಾಫೆನ್‌ರೀಡ್ ಮತ್ತು ಇನ್ನೂ ನಾಲ್ವರು ಕಪ್ಪು ಮಹಿಳೆಯರು ಸೇಂಟ್ ಲೂಯಿಸ್‌ನಲ್ಲಿ ಜನರಲ್ ಮೋಟರ್ಸ್ ಕಾರ್ ಕಂಪನಿ ಮೇಲೆ ಹಾಕಿದ ಕೇಸ್ ಅದು. 1964ಕ್ಕೆ ಮೊದಲು ಅಲ್ಲಿ ಕಪ್ಪು ಮಹಿಳೆಯರಿಗೆ ಕೆಲಸವೇ ಸಿಗುತ್ತಿರಲಿಲ್ಲ. ಆಮೇಲೆ ಸಿಕ್ಕಿತು. ಎಪ್ಪತ್ತರ ದಶಕದ ಆರ್ಥಿಕ ಹಿಂಜರಿತದಲ್ಲಿ ಸೀನಿಯಾರಿಟಿ ಪ್ರಕಾರ ಲೇಆಫ್ ಮಾಡಿದಾಗ, 1970ರ ನಂತರ ಸೇರಿದ ಕಪ್ಪು ಮಹಿಳೆಯರೆಲ್ಲರೂ ಹೋದರು. 1976ರಲ್ಲಿ ಕೋರ್ಟ್ ಹೇಳಿದ್ದೇನು? ಬಣ್ಣದ ತಾರತಮ್ಯ ಅಂತ ಕೇಳಿ, ಇಲ್ಲವೇ ಹೆಣ್ಣು ಅನ್ನುವ ಕಾರಣಕ್ಕೆ ಅಂತ ಕೇಳಿ, ಎರಡನ್ನೂ ಕೂಡಿಸಿ ಕೇಳುವ ಹಾಗಿಲ್ಲ. ಹೆಂಗಸರನ್ನು ಕಂಪನಿ ತೆಗೆದುಕೊಂಡಿತ್ತಲ್ಲ! ಅವರು ಬಿಳಿ ಹೆಂಗಸರು, ಅಷ್ಟೇ. ಆ ತೀರ್ಪಿನ ಲೆಕ್ಕ ನನ್ನ ಟೂಲ್‌ನ ಲೆಕ್ಕವೇ. 1989ರಲ್ಲಿ ಕಾನೂನು ಪ್ರೊಫೆಸರ್ ಕಿಂಬರ್ಲೆ ಕ್ರೆನ್‌ಶಾ ಇದೇ ಕೇಸ್ ಹಿಡಿದು, ಇಂಥ ಲೆಕ್ಕದಲ್ಲಿ ಯಾರು ಕಾಣೆಯಾಗುತ್ತಾರೆ ಅಂತ ಬಿಡಿಸಿ ತೋರಿಸಿದರು. ಅದಕ್ಕೂ ಮೊದಲೇ, 1977ರಲ್ಲಿ, ಬಾಸ್ಟನ್‌ನ ಕಾಂಬಾಹೀ ರಿವರ್ ಕಲೆಕ್ಟಿವ್‌ನ ಕಪ್ಪು ಸ್ತ್ರೀವಾದಿಗಳು ಬರೆದಿದ್ದರು: ಬಣ್ಣ, ವರ್ಗ, ಹೆಣ್ಣುತನ, ಇವುಗಳ ಪೆಟ್ಟನ್ನು ಬೇರೆ ಬೇರೆ ಮಾಡುವುದು ಕಷ್ಟ, ಬದುಕಿನಲ್ಲಿ ಅವು ಒಟ್ಟಿಗೇ ಬೀಳುತ್ತವೆ ಅಂತ.

ನನಗೆ ಹೆಚ್ಚು ಚುಚ್ಚಿದ್ದು ಬೇರೆ. ನಾನು ಕೆಪಿಎಸ್‌ಸಿ ಅಧಿಸೂಚನೆ ಓದಿ ಬೆಳೆದವನು. ಎಸ್‌ಸಿ ಮಹಿಳೆ, 2ಎ ಮಹಿಳೆ, ಸಾಮಾನ್ಯ ಅರ್ಹತೆ ಮಹಿಳೆ ಅಂತ ಪ್ರತಿ ವರ್ಗದ ಒಳಗೂ ಒಂದು ಖಾನೆ ಇರುತ್ತದೆ. ಅಡ್ಡ, ಉದ್ದ ಎರಡೂ ಎಣಿಸುತ್ತಾರೆ. ಅದು ಕಣ್ಣಲ್ಲೇ ಇತ್ತು, ಕೈಗೆ ಬರಲಿಲ್ಲ. ಅಷ್ಟೇಕೆ, ಯಾವ ಗುಂಪಿನವರು ಎಷ್ಟು ಜನ ಇದ್ದಾರೆ ಅಂತ ಸರ್ಕಾರಕ್ಕೆ ನಾನೇ ಕಳಿಸುವ ಇಇಒ-1 ಫಾರ್ಮ್‌ನಲ್ಲಿ ಕಪ್ಪು ಮಹಿಳೆಯರ ಖಾನೆ ಇದೆ. ತುಂಬಿ ಸಬ್ಮಿಟ್ ಮಾಡಿ ಮರೆಯುತ್ತಿದ್ದೆ.

ಮುಂದೆ ಆದದ್ದು ಸಿನಿಮಾ ಥರ ಇಲ್ಲ. ಹೆಸರು ಮುಟ್ಟುವ ಹಾಗಿಲ್ಲ, ಬಣ್ಣ ನೋಡಿ ಹೆಸರು ಬದಲಿಸಿದರೆ ಅದೂ ಕಾನೂನಿಗೆ ವಿರುದ್ಧ, ಕ್ರೈಟೀರಿಯಾ ಮರುಪರಿಶೀಲನೆ ಮಾಡಬಹುದು ಎಂದರು ಲಾಯರ್. ರೋಲ್‌ನ ವರ್ಷಗಳಿಗೆ ಅಷ್ಟು ವೇಟ್ ಯಾಕೆ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹಳೇ ಟೆಂಪ್ಲೇಟ್‌ನಲ್ಲಿ ಇತ್ತು, ಅಷ್ಟೆ. ಅದನ್ನು ಇಳಿಸಿ ಮತ್ತೆ ರನ್ ಮಾಡಿದಾಗ ಐದು ಎರಡಾಯಿತು. ಮೂವತ್ತು ಮೂವತ್ತೇ. ಹಾಗಾಗಿ ಬೇರೆ ಮೂವರು ಪಟ್ಟಿಗೆ ಬಂದರು. ಅವರ ಮನೆಗಳೂ ಮನೆಗಳೇ. ಇದಕ್ಕೆ ನನ್ನ ಹತ್ತಿರ ಚೆಂದದ ಉತ್ತರ ಇಲ್ಲ.

ನೋಟಿಫಿಕೇಶನ್ ದಿನ ಆ ಇಬ್ಬರ ಎದುರು ಕೂತು ಕೆಲಸ ಹೋದ ಕಾಗದಪತ್ರದ ಪ್ಯಾಕೆಟ್ ಕೊಟ್ಟವರೂ ಇದೇ ಬಿಪಿ. ಆ ಕೆಲಸ ಅವರಿಗೇ ಯಾಕೆ ಬಂತು ಅಂತ ಮ್ಯಾನೇಜರ್‌ಗೆ ಕೇಳಿದೆ. "ಅವರು ಚೆನ್ನಾಗಿ ಹ್ಯಾಂಡಲ್ ಮಾಡ್ತಾರೆ" ಎಂದರು.

ಎರಡೂ ಸೇರಿಸಿದ ಟ್ಯಾಬ್ ಬೇಕು ಅಂತ ಟೂಲ್ ಮಾರುವ ವೆಂಡರ್‌ಗೆ ಟಿಕೆಟ್ (ಕೋರಿಕೆ) ಹಾಕಿದ್ದೆ. ಬೇರೆ ಯಾವ ಕಸ್ಟಮರ್ ಕೂಡ ಕೇಳಿಲ್ಲ ಅಂತ ಬರೆದು ಕ್ಲೋಸ್ ಮಾಡಿದರು. ಈಗ ಪ್ರತಿ ಸಲ ಪಿವಟ್ ಕೈಯಲ್ಲೇ ಹಾಕುತ್ತೇನೆ, ಯಾರೂ ಕೇಳುವ ಮೊದಲೇ ಡೆಕ್‌ನಲ್ಲಿ ಸೇರಿಸುತ್ತೇನೆ. ಎನ್ ಚಿಕ್ಕದಿದ್ದರೆ ಪಕ್ಕದಲ್ಲಿ ಇನ್ನೊಂದು ಕಾಲಂ: ಇವರನ್ನು ಯಾವ ವರ್ಷದಿಂದ ತೆಗೆದುಕೊಳ್ಳಲು ಶುರು ಮಾಡಿದೆವು. ಆ ಕಾಲಂ ಬೇಡ ಅಂತ ಮ್ಯಾನೇಜರ್ ಹೇಳುತ್ತಲೇ ಇದ್ದಾರೆ.