ಇವತ್ತು ಈಸಿ ರನ್ ಅಷ್ಟೇ ಗುರು

ಹವ್ಯಾಸಕ್ಕೆ ಓಡೋರಷ್ಟು ಸುಳ್ಳು ಹೇಳೋ ಜನ ಇನ್ನೊಬ್ರಿಲ್ಲ. ನಂಬಿಕೆ ಬರದಿದ್ರೆ ಯಾವುದಾದ್ರೂ ಭಾನುವಾರ ಬೆಳಗ್ಗೆ ಲಾಲ್‌ಬಾಗ್ ವೆಸ್ಟ್ ಗೇಟ್ ಹತ್ರ ಹತ್ತು ನಿಮಿಷ ನಿಂತ್ಕೊಳ್ಳಿ ಸಾಕು. ಒಬ್ಬನಿಗೆ ಮಂಡಿ ನೋವು, ಇನ್ನೊಬ್ಬನಿಗೆ ರಾತ್ರಿ ನಿದ್ದೇನೇ ಇಲ್ಲ, ಮತ್ತೊಬ್ಬ ನಿನ್ನೆ ಮದುವೆ ಮನೇಲಿ ನಾಲ್ಕು ಹೋಳಿಗೆ ಹೊಡೆದು ಬಂದಿದಾನೆ. ಎಲ್ಲರದೂ ಕೊನೆಗೆ ಒಂದೇ ಡೈಲಾಗು, "ಇವತ್ತು ಈಸಿ ರನ್ ಅಷ್ಟೇ ಗುರು". ಈಸಿ ಅಂತೆ. ಕೆರೆ ಪಕ್ಕ ಬರೋ ಹೊತ್ತಿಗೆ ಹೋಳಿಗೆ ಪಾರ್ಟಿನೇ ಎಲ್ಲರಿಗಿಂತ ಮುಂದೆ.

ಅದೂ ಒಂದೇ ಸಲ ಬಿಟ್ಟು ಓಡೋದಿಲ್ಲ ಕಣ್ರೀ, ಅದೇ ಮಜಾ. ಪಕ್ಕದಲ್ಲೇ ಇರ್ತಾನೆ, ಮಾತಾಡ್ತಾನೇ ಇರ್ತಾನೆ, ಆದ್ರೆ ಅವನ ಭುಜ ನಮ್ಮ ಭುಜಕ್ಕಿಂತ ನಾಲ್ಕು ಬೆರಳು ಮುಂದೆ, ನಾವು ಸಮ ಮಾಡ್ಕೊಂಡ್ರೆ ಮತ್ತೆ ನಾಲ್ಕು ಬೆರಳು, ಹಿಂಗೇ ಇಬ್ರೂ ಬಾಯಲ್ಲಿ "ಆರಾಮು ಆರಾಮು" ಅಂತಾನೇ ಕಿಲೋಮೀಟರಿಗೆ ಆರೂವರೆ ನಿಮಿಷದಿಂದ ಐದೂವರೆಗೆ ಬಂದಿರ್ತೀವಿ. ಸಲೀಸಾಗಿ ಮಾತಾಡೋಕ್ಕಾದ್ರೆ ಮಾತ್ರ ಅದು ಈಸಿ ರನ್ ಅಂತ ಯಾವ ಕೋಚ್‌ನ ಕೇಳಿದ್ರೂ ಹೇಳ್ತಾರೆ, ಹಾಗಾಗಿ ನಮ್ಮಲ್ಲಿ ಮಾತು ಮೊದಲು ನಿಲ್ಸಿದೋನು ಸೋತ ಹಾಗೆ. ಇದಕ್ಕೆ ನಮ್ಮ ಗುಂಪಿನ ಮೇಷ್ಟ್ರು (ರಿಟೈರ್ಡ್, ಅರವತ್ತು ದಾಟಿದೆ, ಸಣಕಲು ದೇಹ) ಒಂದು ಕುತಂತ್ರ ಕಂಡುಹಿಡಿದಿದಾರೆ. ಏರು ಶುರುವಾಗೋ ಜಾಗಕ್ಕೆ ಸರಿಯಾಗಿ "ನಿಮ್ಮ ಸೈಟಿಂದು ಇ-ಖಾತಾ ಏನಾಯ್ತು?" ಅಂತ ಕೇಳ್ತಾರೆ. ಬೆಂಗಳೂರಲ್ಲಿ ಈ ಪ್ರಶ್ನೆಗೆ ಒಂದು ಮಾತಲ್ಲಿ ಉತ್ತರ ಕೊಡೋಕೆ ಯಾರಿಂದ ಸಾಧ್ಯ ಹೇಳಿ? ನಾವು ಏದುಸಿರು ಬಿಡ್ಕೊಂಡು ಕಥೆ ಹೇಳ್ತಿದ್ರೆ ಅವರು ಬರೀ "ಹೂಂ, ಆಮೇಲೆ?" ಅನ್ಕೊಂಡು ಮುಂದೆ ಹೋಗಿರ್ತಾರೆ.

ಓಟ ಮುಗಿದ ಮೇಲೆ ಎರಡನೇ ಸ್ಪರ್ಧೆ ಸ್ಟ್ರಾವಾದಲ್ಲಿ, ಅಂದ್ರೆ ಓಟದ ಲೆಕ್ಕ ಇಡೋ ಆಪ್‌ನಲ್ಲಿ. ನಮ್ಮಲ್ಲೊಬ್ಬ ಸಾಫ್ಟ್‌ವೇರ್ ಹುಡುಗ ಇದಾನೆ, ನೀರು ಕುಡಿಯೋಕೆ ನಿಂತ್ರೂ ವಾಚ್ ಪಾಸ್ (ಟೈಮ್ ಎಣಿಕೆ ನಿಲ್ಸೋದು), ಲೇಸ್ ಕಟ್ಟೋಕೆ ನಿಂತ್ರೂ ಪಾಸ್, ಫೋಟೋಗೂ ಪಾಸ್, ಹಿಂಗೆ ನಿಂತೂ ನಿಂತೂ ಓಡಿ ಕೊನೆಗೆ ಭಯಂಕರ ಪೇಸ್ ತೋರಿಸ್ತಾನೆ. ಆಪ್‌ನಲ್ಲಿ ಮೂವಿಂಗ್ ಟೈಮ್ (ಓಡಿದ ಹೊತ್ತು) ಬೇರೆ, ಎಲಾಪ್ಸ್ಡ್ ಟೈಮ್ (ನಿಂತಿದ್ದೂ ಸೇರಿ ಒಟ್ಟು ಹೊತ್ತು) ಬೇರೆ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತು, ಆದ್ರೆ ಸೆಗ್ಮೆಂಟ್ (ಎಲ್ಲರ ಟೈಮ್ ಹೋಲಿಸೋಕೆ ಆಪ್‌ನಲ್ಲಿ ಗುರುತು ಮಾಡಿರೋ ದಾರಿಯ ತುಂಡು) ಲೆಕ್ಕಕ್ಕೆ ನಿಂತಿದ್ದ ಟೈಮೂ ಸೇರುತ್ತೆ ಅನ್ನೋದು ನಮಗೂ ಗೊತ್ತು. ಮರದ ಕೆಳಗೆ ಜಿಪಿಎಸ್ ಅಡ್ಡಾದಿಡ್ಡಿ ಆಗೋದಂತೂ ಮಾಮೂಲು, 9.96 ಅಂತ ತೋರಿಸಿದ್ರೆ ಗೇಟಿಂದಾಚೆ ಪಾರ್ಕಿಂಗ್‌ನಲ್ಲಿ ಸುತ್ತು ಹೊಡೆದು 10 ಮಾಡಿಯೇ ವಾಚ್ ಆಫ್ ಮಾಡೋದು. ಈ ವಿಷಯದಲ್ಲಿ ನಾನು ಯಾರನ್ನೂ ಆಡ್ಕೊಳ್ಳಲ್ಲ, ಎಲ್ಲರೂ ಮಾಡೋದೇ.

ಶೂ ವಿಷಯ ಬಂದ್ರೆ ನಮ್ಮ ಕಾರ್ಬನ್ ಸಿಕ್ಕಿಬೀಳ್ತಾನೆ. ಅಡಿಯಲ್ಲಿ ಕಾರ್ಬನ್ ಪ್ಲೇಟ್ ಇರೋ ಶೂ ತಗೊಂಡ ದಿನದಿಂದ ಅವನಿಗೆ ಅದೇ ಹೆಸರು. 2019ರಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಓಟಗಾರ ಕಿಪ್‌ಚೋಗೆ ಇಂಥದೇ ಶೂ ಹಾಕ್ಕೊಂಡು ಮ್ಯಾರಥಾನ್ ದೂರ 1 ಗಂಟೆ 59 ನಿಮಿಷ 40 ಸೆಕೆಂಡಲ್ಲಿ ಓಡಿದ್ದು ಅಂತ ಅವನು ಭಾಷಣ ಶುರು ಮಾಡಿದ್ರೆ ಮೇಷ್ಟ್ರು, "ಅವನು ಕಿಲೋಮೀಟರಿಗೆ 2 ನಿಮಿಷ 50 ಸೆಕೆಂಡು ಕಣಯ್ಯಾ, ನೀನು ಅಷ್ಟು ಹೊತ್ತಲ್ಲಿ ಅರ್ಧ ಕಿಲೋಮೀಟರು" ಅಂದ್ರು. ಇನ್ನೊಂದ್ಸಲ ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಆಕ್ಸಿಜನ್ ಕಮ್ಮಿ, ಅದಕ್ಕೇ ಟೈಮ್ ಬರ್ತಿಲ್ಲ ಅಂದ. ನೀನು ಹುಟ್ಟಿದ್ದೇ ಚಾಮರಾಜಪೇಟೇಲಿ, ನಿನ್ನೆ ಮಂಗಳೂರಿಂದ ಬಸ್ ಇಳಿದೋನ ಥರ ಆಡ್ಬೇಡ ಅಂತ ಬಾಯಿ ಮುಚ್ಚಿಸಿದ್ವಿ.

ನಿಜವಾದ ಯುದ್ಧ ಮಾತ್ರ ಬೆಂಗಳೂರಿನ ವರ್ಲ್ಡ್ 10ಕೆ, ಅಂದ್ರೆ 10 ಕಿಲೋಮೀಟರ್ ರೇಸ್ ದಿನ. 2022ರಲ್ಲಿ ಕೀನ್ಯಾದ ನಿಕೋಲಸ್ ಕಿಮೇಲಿ ಇದೇ ರೇಸನ್ನ 27 ನಿಮಿಷ 38 ಸೆಕೆಂಡಲ್ಲಿ ಮುಗಿಸಿದ್ರು. ಅಷ್ಟು ಹೊತ್ತಿಗೆ ನಮಗೆ 5 ಕಿಲೋಮೀಟರ್ ಬೋರ್ಡು ಈಗ ಬಂತು ಈಗ ಬಂತು ಅನ್ನೋ ಸ್ಥಿತಿ. ಆದ್ರೂ ನಮ್ಮಲ್ಲಿ ಯಾರು ಯಾರಿಗಿಂತ ಹನ್ನೆರಡು ಸೆಕೆಂಡು ಮುಂದೆ ಅನ್ನೋದು ಆರು ತಿಂಗಳ ಚರ್ಚೆಯ ವಸ್ತು. ಕಳೆದ ಸಲ ಕೊನೇ ಇನ್ನೂರು ಮೀಟರಲ್ಲಿ ಕಾರ್ಬನ್ ಜೀವ ಬಿಟ್ಟು ಓಡಿ, ನಮ್ಮ ಗುಂಪಿನ ಮೇಡಂನ ಹಿಂದೆ ಹಾಕಿ, ಎರಡೂ ಕೈ ಮೇಲೆತ್ತಿ ಫೋಟೋಗ್ರಾಫರ್‌ಗೆ ಪೋಸ್ ಕೊಟ್ಟ. ಮೇಡಂ ನಗ್ತಾ ಬಂದು ನೀರು ಕುಡಿದ್ರು, ಏನೂ ಮಾತಾಡಲಿಲ್ಲ. ಬಿಬ್‌ನಲ್ಲಿ (ಎದೆ ಮೇಲಿನ ನಂಬರ್ ಚೀಟಿ) ಚಿಪ್ ಇರುತ್ತಲ್ಲ, ಅದು ಸ್ಟಾರ್ಟ್ ಮ್ಯಾಟ್ ತುಳಿದಾಗಿಂದ ಲೆಕ್ಕ ಇಡುತ್ತೆ, ಗನ್ ಹೊಡೆದಾಗಿಂದ ಅಲ್ಲ. ಇವನು ನುಗ್ಗಿ ಮುಂದೆ ನಿಂತಿದ್ದ, ಅವರು ಇವನಿಗಿಂತ ಅರ್ಧ ನಿಮಿಷ ತಡವಾಗಿ ಮ್ಯಾಟ್ ದಾಟಿದ್ರು. ದರ್ಶಿನೀಲಿ ಇವನು ಮಸಾಲೆ ದೋಸೆ ಮುರೀತಿದ್ದಾಗ ರಿಸಲ್ಟ್ ಮೆಸೇಜ್ ಬಂತು ನೋಡಿ, ತುತ್ತು ಕೈಯಲ್ಲೇ ಉಳೀತು. ಎಲ್ಲರ ಬಿಲ್ಲೂ ಅವನದೇ.

ಇಷ್ಟೆಲ್ಲ ಕಾಲೆಳೆಯೋದಕ್ಕೂ ಒಂದು ನಿಯಮ ಇದೆ, ಯಾರೂ ಬಾಯಿಬಿಟ್ಟು ಹೇಳಿಲ್ಲ ಅಷ್ಟೇ. ನಾಳೆ ನಮ್ಮನ್ನ ಸೋಲಿಸಬಹುದು ಅನ್ನೋರ ಕಾಲು ಮಾತ್ರ ಎಳೀಬೇಕು. ಹೊಸದಾಗಿ ಸೇರಿದೋರು, ತೂಕ ಇಳಿಸೋಕೆ ಬಂದೋರು, ಅವರಿಗೆ ಬರೀ ಚಪ್ಪಾಳೆ. ನಂಗೆ ಹಿಮ್ಮಡಿ ನೋವಾಗಿ ಕೆಲವು ತಿಂಗಳು ಬಿಟ್ಟು ಮತ್ತೆ ಬಂದಾಗ ಎಲ್ಲರೂ "ಸೂಪರ್ ಸಾರ್, ಚೆನ್ನಾಗಿ ಓಡಿದ್ರಿ" ಅಂದ್ರು. ಎಂಥಾ ಅವಮಾನ! ನಾನು ಲೆಕ್ಕಕ್ಕೇ ಇಲ್ಲ ಅಂತ ತಾನೇ ಅರ್ಥ? ಮೇಷ್ಟ್ರು ಮತ್ತೆ ಏರಲ್ಲಿ ಖಾತಾ ವಿಷಯ ಎತ್ತಿದ ದಿನ ನಂಗಾದ ಖುಷಿ ಅಷ್ಟಿಷ್ಟಲ್ಲ.

ಅದೇ ಮೇಷ್ಟ್ರು ಈಗ ಹೊಸ ಅಸ್ತ್ರ ತಂದಿದಾರೆ, ಏಜ್ ಗ್ರೇಡಿಂಗ್. ನಮ್ಮ ವಯಸ್ಸಿಗೆ ಜಗತ್ತಿನ ಅತ್ಯುತ್ತಮ ಮಟ್ಟ ಎಷ್ಟೋ ಅದನ್ನ ನೂರು ಅಂತ ಇಟ್ಕೊಂಡು ನಮ್ಮ ಟೈಮಿಗೆ ಶೇಕಡಾವಾರು ಮಾರ್ಕ್ಸು ಕೊಡೋದು. ಅವರದು 55 ನಿಮಿಷದ 10ಕೆ, ಮಾರ್ಕ್ಸು ಐವತ್ತೆಂಟರ ಹತ್ರ. ಕಾರ್ಬನ್ ಅವರಿಗಿಂತ ಒಂದು ನಿಮಿಷ ಫಾಸ್ಟು, ಆದ್ರೂ ಐವತ್ತರ ಆಸುಪಾಸಲ್ಲಿ ಜಸ್ಟ್ ಪಾಸು. ಎರಡು ಭಾನುವಾರ ಮೇಷ್ಟ್ರನ್ನ ಹಿಡಿಯೋರೇ ಇರಲಿಲ್ಲ, ಮೊಬೈಲ್ ಹಿಡ್ಕೊಂಡು ಎಲ್ಲರ ಮಾರ್ಕ್ಸು ಹೇಳಿದ್ದೇ ಹೇಳಿದ್ದು. ಆಮೇಲೆ ಮೇಡಂ ಕಾಫಿ ಕೆಳಗಿಟ್ಟು, "ನಂದೂ ಹಾಕಿ ಸಾರ್, ವಯಸ್ಸು 52" ಅಂದ್ರು. ಹೆಂಗಸರ ಟೇಬಲ್ ಬೇರೆ ಇರುತ್ತೆ, ಅದು ಮೇಷ್ಟ್ರಿಗೆ ಹೊಳೆದಿರಲಿಲ್ಲ. ಮಾರ್ಕ್ಸು ಅರವತ್ತು ದಾಟ್ತು.

ಮೇಷ್ಟ್ರು ಕನ್ನಡಕ ಸರಿ ಮಾಡ್ಕೊಂಡು ಇನ್ನೊಂದ್ಸಲ ನೋಡಿದ್ರು. ಫೋನ್ ಜೇಬಿಗೆ ಹಾಕ್ಕೊಂಡು, "ಈ ಟೇಬಲ್ಲು ಗೀಬಲ್ಲು ಎಲ್ಲಾ ಸುಮ್ನೆ, ರೇಸ್ ಅಂದ್ಮೇಲೆ ಚಿಪ್ ಟೈಮ್ ಒಂದೇ ಲೆಕ್ಕ" ಅಂದ್ರು.

"ಚಿಪ್ ಟೈಮಲ್ಲೂ ನಾನೇ ಅಲ್ವಾ ಸಾರ್?" ಅಂದ್ರು ಮೇಡಂ.