ಬಾನೆಟ್ ತೆರೆದಾಗ ಬಸ್ ಎಷ್ಟು ಉದ್ದ?

ನಾನು ಅಮೆರಿಕದ ಮಿನ್ನೆಸೋಟದಲ್ಲಿ ಕಟ್ಟಡಗಳ ವಿನ್ಯಾಸದ ಕೆಲಸದಲ್ಲಿದ್ದೇನೆ. ಕೆಲವು ವರ್ಷಗಳ ಹಿಂದೆ ಇಲ್ಲಿನ ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನ ಬಸ್ ಡಿಪೋ ನನ್ನ ಪಾಲಿಗೆ ಬಂತು. ಒಂದು ಊರಿನ ಅಥವಾ ಅಕ್ಕಪಕ್ಕದ ಊರುಗಳ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಆಡಳಿತಕ್ಕೆ ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅಂತಾರೆ. ಇವರಿಗೆ ಸ್ವಂತ ಹಳದಿ ಬಸ್ಸುಗಳಿದ್ದವು, ಸುಮಾರು 80. ಅವು ನಿಲ್ಲುವ ಅಂಗಳ, ರಿಪೇರಿಯ ವರ್ಕ್‌ಶಾಪ್, ತೊಳೆಯುವ ಜಾಗ, ಡೀಸೆಲ್ ಬಂಕ್ ಎಲ್ಲ ಹೊಸದಾಗಿ ಆಗಬೇಕಿತ್ತು.

ಮೊದಲ ನಕ್ಷೆ ಚೆನ್ನಾಗಿಯೇ ಬಂದಿದೆ ಅಂದುಕೊಂಡಿದ್ದೆ. ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್ ಅದನ್ನು ಮೇಜಿನ ಮೇಲೆ ಹರಡಿಕೊಂಡು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ಬಾನೆಟ್ ಹೇಗೆ ತೆಗೆಯೋದು?"

ನನಗೆ ಅರ್ಥವಾಗಲಿಲ್ಲ. ಅವರು ಹೊರಗೆ ಕರೆದುಕೊಂಡು ಹೋಗಿ ಒಂದು ಬಸ್ಸಿನ ಮುಂದೆ ನಿಲ್ಲಿಸಿದರು. ಎರಡೂ ಕಡೆಯ ಕೊಂಡಿ ಬಿಚ್ಚಿ ಎಳೆದರು. ಇಲ್ಲಿನ ಸ್ಕೂಲ್ ಬಸ್ಸುಗಳಲ್ಲಿ ಜಾಸ್ತಿ ಇರುವುದು ಮೂತಿ ಮುಂದಕ್ಕೆ ಚಾಚಿದ ಬಸ್ಸುಗಳು. ಅವುಗಳ ಬಾನೆಟ್ ಕಾರಿನ ಹಾಗೆ ಮೇಲಕ್ಕೆ ಏಳುವುದಿಲ್ಲ, ಮೂತಿಗೆ ಮೂತಿಯೇ ಮುಂದಕ್ಕೆ ಬಾಗುತ್ತದೆ. ಟೇಪ್ ಹಿಡಿದು ಅಳೆದೆವು. ಬಸ್ 39 ಅಡಿ. ಬಾಗಿದ ಬಾನೆಟ್ಟಿಗೆ ಇನ್ನೂ 4 ಅಡಿ. ಹಿಂದಿನ ಎಮರ್ಜೆನ್ಸಿ ಬಾಗಿಲು ತೆರೆದರೆ ಮತ್ತೆ 3. ಒಟ್ಟು 46. ನಾನು ವರ್ಕ್‌ಶಾಪಿನಲ್ಲಿ ಒಂದು ಬಸ್ಸಿಗೆ ಕೊಟ್ಟಿದ್ದು 50 ಅಡಿ ಉದ್ದ. ಅದರಲ್ಲೇ ಟೂಲ್ಸ್ ಇಡುವ ಬೆಂಚೂ ಇತ್ತು. ಒಬ್ಬ ಮನುಷ್ಯ ಟೈರ್ ಉರುಳಿಸಿಕೊಂಡು ಬಸ್ಸನ್ನು ಸುತ್ತಿ ಬರಲು ಜಾಗವೇ ಇರಲಿಲ್ಲ.

ನಾನು ಬಸ್ಸನ್ನು ಮುಚ್ಚಿದ ಡಬ್ಬಿಯ ಹಾಗೆ ಬರೆದಿದ್ದೆ. ವರ್ಕ್‌ಶಾಪಿಗೆ ಬರುವ ಬಸ್ಸಿನಲ್ಲಿ ಎಲ್ಲವೂ ತೆರೆದಿರುತ್ತದೆ.

ಎತ್ತರದಲ್ಲೂ ಇದೇ ತಪ್ಪು. ನಮ್ಮ ಕಡೆ ಕೆಎಸ್‌ಆರ್‌ಟಿಸಿ ಡಿಪೋಗಳಲ್ಲಿ ಮೆಕ್ಯಾನಿಕ್ ಪಿಟ್‌ಗೆ ಇಳಿದು ಬಸ್ಸಿನ ತಳ ನೋಡುತ್ತಾರೆ. ಇಲ್ಲಿ ಇವರಿಗೆ ಬೇಕಾಗಿದ್ದು ಬಸ್ಸನ್ನೇ ಎತ್ತುವ ಲಿಫ್ಟ್. ಹತ್ತೂವರೆ ಅಡಿಯ ಬಸ್ಸನ್ನು ಆರಡಿ ಎತ್ತಿದರೆ ಅದರ ತಲೆ ಹದಿನಾರೂವರೆ ಅಡಿಗೆ ಹೋಗುತ್ತದೆ. ನಾನು ಚಳಿಗಾಲದ ಹೀಟರ್‌ಗಳನ್ನು ತೂಗುಹಾಕಿದ್ದು 16 ಅಡಿಯಲ್ಲಿ. ಕೊನೆಗೆ ಉದ್ದವನ್ನು 60 ಅಡಿಗೆ, ಎತ್ತರವನ್ನು 20 ಅಡಿಗೆ ತಂದೆವು. ಖರ್ಚು ಜಾಸ್ತಿ ಆಯಿತು. ಆಡಳಿತದವರ ಮುಂದೆ ಆ ಲೆಕ್ಕ ಇಟ್ಟಾಗ ನನ್ನ ಪಕ್ಕದಲ್ಲಿ ನಿಂತು ಮಾತಾಡಿದವರೂ ಆ ಮೆಕ್ಯಾನಿಕ್ಕೇ.

"ಅಂಗಳ ನೋಡಬೇಕಾದರೆ ಜನವರಿಯಲ್ಲಿ ಬೆಳಿಗ್ಗೆ ಐದಕ್ಕೆ ಬನ್ನಿ" ಅಂದಿದ್ದರು. ಹೋದೆ. ಸೊನ್ನೆಗಿಂತ 24 ಡಿಗ್ರಿ ಕೆಳಗೆ. ಉಸಿರು ಕನ್ನಡಕದ ಮೇಲೆಯೇ ಹೆಪ್ಪುಗಟ್ಟುತ್ತಿತ್ತು. ಕತ್ತಲಲ್ಲಿ ಮೊದಲು ಕಂಡಿದ್ದು ಬಸ್ಸಿನ ಹಳದಿ, ಅದರ ಮೇಲಿನ ಕಪ್ಪು ಅಕ್ಷರ. ಮಬ್ಬಿನಲ್ಲೂ ಕಾಣಲಿ ಅಂತಲೇ 1939ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸೇರಿದ ಸಭೆಯೊಂದು ಈ ಬಣ್ಣ ಆರಿಸಿತ್ತು. ಆ ಬೆಳಿಗ್ಗೆ ಅದರ ಬೆಲೆ ನನಗೆ ತಿಳಿಯಿತು.

ಡ್ರೈವರ್‌ಗಳು ಒಬ್ಬೊಬ್ಬರೇ ಬಂದರು. ಜಾಸ್ತಿ ಜನ ಐವತ್ತು ದಾಟಿದವರು. ಪ್ರತಿಯೊಬ್ಬರೂ ಟಾರ್ಚ್ ಹಿಡಿದು ತಮ್ಮ ಬಸ್ಸನ್ನು ಪೂರ್ತಿ ಸುತ್ತಬೇಕು. ಟೈರ್, ಲೈಟು, ಎಮರ್ಜೆನ್ಸಿ ಬಾಗಿಲಿನ ಬಜರ್, ಎಡಗಡೆ ಚಾಚಿಕೊಳ್ಳುವ ಸ್ಟಾಪ್ ಬೋರ್ಡ್. ಮಗು ರಸ್ತೆ ದಾಟುವಾಗ ವಾಹನಗಳನ್ನು ತಡೆಯುವುದು ಅದೇ ಬೋರ್ಡು. ಅದನ್ನು ನೋಡದೆ ಬಸ್ ಹೊರಡುವ ಹಾಗಿಲ್ಲ.

ನನ್ನ ನಕ್ಷೆಯಲ್ಲಿ ಎರಡು ಬಸ್ಸುಗಳ ನಡುವೆ ಇದ್ದಿದ್ದು 3 ಅಡಿ. ಸ್ಟಾಪ್ ಬೋರ್ಡ್ ತೆರೆದರೆ ಅದರ ಅರ್ಧಕ್ಕಿಂತ ಜಾಸ್ತಿ ಮುಗಿಯಿತು. ದಪ್ಪ ಕೋಟು ಹಾಕಿಕೊಂಡ ಅರವತ್ತರ ಡ್ರೈವರಮ್ಮ ಹಿಮದ ಮೇಲೆ ಹೇಗೆ ದಾಟಬೇಕು? ಒಂದೊಂದು ಜಾಗವನ್ನೂ 13 ಅಡಿ ಅಗಲ ಮಾಡಿದೆ. ಬಸ್ಸುಗಳನ್ನು ಓರೆಯಾಗಿ ನಿಲ್ಲಿಸಿದೆ. ಹಿಂದಿನಿಂದ ಒಳಗೆ ಬಂದು ಮುಂದಕ್ಕೇ ಹೊರಡಬೇಕು, ರಿವರ್ಸ್ ತೆಗೆಯುವ ಪ್ರಸಂಗವೇ ಬರಬಾರದು. ಡ್ರೈವರ್‌ಗಳ ಕಾರುಗಳಿಗೆ ಬೇರೆ ಗೇಟ್ ಇಟ್ಟೆ. ಮೊದಲ ನಕ್ಷೆಯಲ್ಲಿ ಅವರು ಕಾರಿಳಿದು ಬಸ್ ಓಡಾಡುವ ದಾರಿಯನ್ನೇ ಕತ್ತಲಲ್ಲಿ ದಾಟಬೇಕಿತ್ತು. ಅದನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

ಚಳಿಯ ಊರಿನ ಡಿಪೋಗೆ ಇನ್ನೊಂದಿಷ್ಟು ಬೇಕು. ಡೀಸೆಲ್ ಎಂಜಿನ್ ಸ್ಟಾರ್ಟ್ ಆಗಬೇಕಾದರೆ ರಾತ್ರಿ ಅದಕ್ಕೆ ಹೀಟರ್ ಸಿಗಿಸಿಡಬೇಕು. ಒಂದೊಂದು ಸುಮಾರು 1,000 ವಾಟ್ ಅಂದರೂ 80 ಬಸ್ಸಿಗೆ 80 ಕಿಲೋವಾಟ್ ಆಯಿತಲ್ವಾ? ಹೊಗೆ ಶುದ್ಧ ಮಾಡಲು ಬಳಸುವ ಡಿಇಎಫ್ ದ್ರವ ಮೈನಸ್ 11 ಡಿಗ್ರಿಗೇ ಗಟ್ಟಿಯಾಗುತ್ತದೆ, ಹಾಗಾಗಿ ಅದರ ಟ್ಯಾಂಕ್ ಒಳಗೇ ಇರಬೇಕು. ರಸ್ತೆಗೆ ಸುರಿಯುವ ಉಪ್ಪು ಬಸ್ಸಿನ ತಳವನ್ನು ತಿಂದುಹಾಕುತ್ತದೆ. ಅದಕ್ಕೇ ಚಳಿಗಾಲದಲ್ಲೂ ತಳ ತೊಳೆಯಲೇಬೇಕು. ಆ ನೀರಿನಿಂದ ಎಣ್ಣೆ ಬೇರೆ ಮಾಡಿ ಒಳಚರಂಡಿಗೆ ಬಿಡಬೇಕು. ಮಳೆನೀರಿನ ಚರಂಡಿಗೆ ಬಿಟ್ಟರೆ ನೇರ ಕೆರೆಗೆ ಹೋಗುತ್ತದೆ.

ಕೊನೆಯ ದೊಡ್ಡ ಚರ್ಚೆ ಎಲೆಕ್ಟ್ರಿಕ್ ಬಸ್ಸಿನದು. 2021ರ ಮೂಲಸೌಕರ್ಯ ಕಾಯ್ದೆ ಸ್ವಚ್ಛ ಸ್ಕೂಲ್ ಬಸ್ಸುಗಳಿಗೆ ಐದು ವರ್ಷಕ್ಕೆ 500 ಕೋಟಿ ಡಾಲರ್ ಇಟ್ಟಿತ್ತು. ಇವರ ಹತ್ತಿರ ಆಗ ಒಂದೂ ಎಲೆಕ್ಟ್ರಿಕ್ ಬಸ್ ಇರಲಿಲ್ಲ. ಚಾರ್ಜರ್‌ಗಳನ್ನು ಈಗಲೇ ಹಾಕೋಣವಾ ಅಂತ ಆಡಳಿತದವರು ಕೇಳಿದರು. ನಾನು ಬೇಡ ಅಂದೆ. ಚಾರ್ಜಿಂಗ್ ಪೋರ್ಟ್ ಒಂದು ಕಂಪನಿಯ ಬಸ್ಸಿನಲ್ಲಿ ಮೂತಿಯ ಹತ್ತಿರ ಇದ್ದರೆ ಇನ್ನೊಂದರಲ್ಲಿ ಬೇರೆಲ್ಲೋ ಇರುತ್ತದೆ. ಯಾವ ಬಸ್ ಕೊಳ್ಳುತ್ತಾರೆ ಅಂತ ಗೊತ್ತಿಲ್ಲದೆ ಕಂಬ ನೆಡುವುದು ಸರಿಯಲ್ಲ. ಆದರೆ ಅಂಗಳಕ್ಕೆ ಕಾಂಕ್ರೀಟ್ ಹಾಕುವ ಮೊದಲೇ ಎರಡು ಸಾಲಿನ ಕೆಳಗೆ ಖಾಲಿ ಪೈಪ್ ಹೂಳಿಸಿದೆ. ದೊಡ್ಡ ಟ್ರಾನ್ಸ್‌ಫಾರ್ಮರ್‌ಗೆ ಮೂಲೆಯಲ್ಲಿ ಜಾಗ ಬಿಡಿಸಿದೆ.

ಪೈಪುಗಳನ್ನು ಮುಚ್ಚುವ ಹಿಂದಿನ ಸಂಜೆ ಪ್ರತಿಯೊಂದರ ಪಕ್ಕ ಟೇಪ್ ಇಟ್ಟು ಫೋಟೋ ತೆಗೆದೆ. ಬೇಲಿಯಿಂದ ಎಷ್ಟು ಅಡಿ, ಎಷ್ಟು ಆಳ ಅಂತ ಒಂದು ಹಾಳೆಯಲ್ಲಿ ಬರೆದು ಮೆಕ್ಯಾನಿಕ್ ಕೈಗೆ ಕೊಟ್ಟೆ. ಅವರು ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ವರ್ಕ್‌ಶಾಪಿನ ಕರೆಂಟ್ ಪ್ಯಾನಲ್ ಬಾಗಿಲಿನ ಒಳಬದಿಗೆ ಅಂಟಿಸಿದ್ದಾರೆ.